ಮೂಲೆ ಹರಿದ ಪತ್ರ

ವರ್ಷದಲ್ಲಿ ಹತ್ತು ತಿಂಗಳು ಕಲ್ಮೇಶ ಬೆಳಗಾವಿಯ ಫೌಂಡ್ರಿಯಲ್ಲಿ ನನ್ನ ಜೊತೆ ಕಬ್ಬಿಣ ಕರಗಿಸುತ್ತಿದ್ದ. ಎರಡು ತಿಂಗಳು ಟೆರಿಟೋರಿಯಲ್ ಆರ್ಮಿಯ ಸಿಪಾಯಿ. ‘ಅರ್ಧ ಸಿಪಾಯಿ’ ಎಂದು, ಅವನು ಕಾಕಾ ಎನ್ನುತ್ತಿದ್ದ ನಾನೇ ಅವನನ್ನು ಕಾಡಿಸುತ್ತಿದ್ದೆ. ಆ ನಾಲಗೆಗೆ ಬರೆ ಹಾಕಬೇಕಿತ್ತು.

2001ರ ಡಿಸೆಂಬರ್. ಸೈನ್ಯ ಗಡಿಗೆ ಹೊರಟಿತ್ತು. ಮಾಲೀಕರು ಅವನನ್ನು ಕರೆದು, “ಜನವರಿಗೆ ನಿನ್ನ ಪರ್ಮನಂಟ್ ಮಾಡ್ತೀನಿ. ಈ ಸಲ ಹೋದಿ ಅಂದ್ರ ತಿರುಗಿ ಬರಬ್ಯಾಡ” ಎಂದರು. ಕರೆ ಬಂದರೆ ನೌಕರಿ ಹೋಗುತ್ತದೆ, ಕರೆಗೆ ಹೋಗದಿದ್ದರೆ ಸೆರೆ. ಸೈನ್ಯದ ಪತ್ರ ಬರುವುದು ಊರಿಗೆ, ಕಣಕುಂಬಿಗೆ. ಅದು ಬಂದ ದಿನವೇ ಓದು ಬಾರದ ತಾಯಿ ಭರಮವ್ವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದಳು. ಸಂಜೆಯಾದರೆ ಕಲ್ಮೇಶ ನಿಲ್ದಾಣದಲ್ಲಿ ಆ ಬಸ್ಸಿಗೆ ಕಾಯುತ್ತಿದ್ದ. ಕಂಡಕ್ಟರ್ ಮಾಯಪ್ಪ ದಿನವೂ ಇಲ್ಲವೆಂದು ತಲೆಯಾಡಿಸುತ್ತಿದ್ದ. ಹದಿನೈದು ದಿನ ಹೀಗೇ ಕಳೆಯಿತು. ನನಗೇಕೋ ಹೆದರಿಕೆ ಹತ್ತಿತು.

ಜನವರಿಯಲ್ಲಿ ಒಂದು ಸಂಜೆ ಮಾಯಪ್ಪ, “ನಿಮ್ಮವ್ವ ಊಟಾ ಬಿಟ್ಟಾಳ. ಹೋಗಿ ಬಾ” ಎಂದ. ಮರುದಿನ ನಾನೂ ಜೊತೆಗೆ ಹೋದೆ.

ಭರಮವ್ವ ಅಂಗಳದಲ್ಲೇ ಕೂತಿದ್ದಳು. ಪತ್ರ ಬಂದು ಎರಡು ವಾರವಾಗಿತ್ತು. ದಾರಿಯಲ್ಲಿ ಎಲ್ಲೋ ಅದರ ಮೂಲೆ ಹರಿದಿತ್ತು. ನಮ್ಮ ಕಡೆ ಸಾವಿನ ಸುದ್ದಿಯ ಪತ್ರವನ್ನು ಮೂಲೆ ಹರಿದೇ ಕಳಿಸುವುದು, ಅದನ್ನು ಮನೆಯೊಳಗೆ ತರುವುದಿಲ್ಲ. ಗೋವಾದಲ್ಲಿದ್ದ ಮಗಳು ಪ್ರಮಿಳಾ ದಿನ ತುಂಬಿದ ಬಸುರಿ. ಹೆರಿಗೆಯಲ್ಲಿ ಅವಳೇ ಹೋದಳೆಂದು ಬೆದರಿ, ಓದಿಸಿದರೆ ಅದು ನಿಜವಾದೀತೆಂದು ಮುದುಕಿ ಪತ್ರವನ್ನು ದನದ ಕೊಟ್ಟಿಗೆಯಲ್ಲಿ ಸಿಕ್ಕಿಸಿಟ್ಟಿದ್ದಳು.

“ಓದಬ್ಯಾಡೋ ಕಲ್ಮೇಶಾ!”

ಅವನು ಓದಿದ. ಹಾಜರಾಗಬೇಕಾದ ದಿನ ಕಳೆದು ಎಂಟು ದಿನವಾಗಿತ್ತು.

“ಯಾರೂ ಸತ್ತಿಲ್ಲವ್ವ” ಎಂದ. ಭರಮವ್ವ ನಗುತ್ತ ಅಳತೊಡಗಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಮರುದಿನ ಇಬ್ಬರೂ ಸೈನ್ಯದ ಕ್ಯಾಂಪಿಗೆ ಹೋದರೆ ಅವನ ತುಕಡಿ ಆಗಲೇ ಗಡಿಗೆ ಹೊರಟುಹೋಗಿತ್ತು. ನಮ್ಮ ಕಡೆಯವರೇ ಆದ ಸುಬೇದಾರರು ಪತ್ರ ಮುಟ್ಟಿದ್ದಕ್ಕೆ ಅಂಚೆಯ ರಸೀದಿ ಮುಂದಿಟ್ಟರು. “ಪತ್ರ ಸಿಕ್ಕಿಲ್ಲ ಅಂತೀ ಏನು? ಹಂಗಾದ್ರ ಈ ಹೆಬ್ಬೆಟ್ಟು ಯಾರದು? ನಿಮ್ಮವ್ವಂದ ಅಲ್ಲೇನು? ಆಕಿನ್ನ ಕರಿಸಿ ಕೇಳ್ತೀನಿ.”

ನಿಜ ಹೇಳೋ ಎಂದು ನಾನು ಅವನ ತೋಳು ಹಿಂಡಿದೆ. ಅವನು ಕೈ ಬಿಡಿಸಿಕೊಂಡ.

“ಆಕಿನ್ನ ಕರಸಬ್ಯಾಡ್ರಿ ಸಾಹೇಬ್ರ. ಪತ್ರ ನನಗ ಸಿಕ್ಕಿತ್ತು. ನೌಕರಿ ಆಸೆಕ್ಕ ನಾನ ಬರಲಿಲ್ಲ.”

ಅದನ್ನೇ ಬರೆದು ಸಹಿ ಮಾಡಿದ. ಸುದ್ದಿ ಮುಟ್ಟಿದ ದಿನವೇ ಮಾಲೀಕರು ಅವನ ಹೆಸರು ಹೊಡೆದುಹಾಕಿದರು. ಅಂದು ಕ್ಯಾಂಪಿನ ಕಾವಲಿನವರು ಸೆರೆಗೆ ಕರೆದೊಯ್ಯುವಾಗ ಅವನು ತಿರುಗಿ, “ಕಾಕಾ, ಅವ್ವಗ ನಾ ಗಡಿಗೆ ಹೋಗೇನಂತ ಹೇಳ್ರಿ” ಎಂದ.

ಹೇಳಿದೆ. ಮಗ ಜೀವಂತ ಮರಳಲೆಂದು ಭರಮವ್ವ ಅಂದಿನಿಂದ ದಿನಕ್ಕೆ ಒಂದೇ ಊಟದ ಒಪ್ಪೊತ್ತು ಹಿಡಿದಳು.