ಬರಿಗೈಯಲ್ಲಿ ಹೋಗದ ರೆಜಿನ್ ಬಾಯಿ

ರೆಜಿನ್ ಬಾಯಿಗೆ ಸಿಟ್ಟು ಬಂದ ದಿನ ಮನೆಯಲ್ಲಿ ಅಡುಗೆ ಜೋರು. ಉಳಿದವರು ಸಿಟ್ಟು ಬಂದರೆ ಪಾತ್ರೆ ಕುಕ್ಕುತ್ತಾರೆ, ಮಕ್ಕಳಿಗೆ ಎರಡು ಬಿಗಿಯುತ್ತಾರೆ. ಈ ಗಿಡ್ಡ ಹೆಂಗಸು ಮಾತ್ರ ಸೆರಗು ಸಿಕ್ಕಿಸಿಕೊಂಡು ಅರೆಯುವ ಕಲ್ಲಿನ ಮುಂದೆ ಕೂರುತ್ತಿದ್ದರು. ಮೆಣಸು, ಕೊತ್ತಂಬರಿ, ಹುಣಸೆಹುಳಿ ಬೆಣ್ಣೆಯಂತೆ ನುಣ್ಣಗಾಗುವ ತನಕ ಏಳುತ್ತಿರಲಿಲ್ಲ. ಮೀನಿನದೋ ಮಾಂಸದ್ದೋ ಪದಾರ್ಥ ಕುದಿದ ಮೇಲೆ ತಪಲೆಗೆ ಬಾಳೆಲೆ ಮುಚ್ಚಿ, ಯಾರ ಮೇಲೆ ಸಿಟ್ಟು ಬಂದಿತ್ತೋ ಅವರ ಮನೆಗೇ ಕೊಂಡುಹೋಗಿ ಕೊಟ್ಟು ಬರುತ್ತಿದ್ದರು.

ನಾನು ಮೂಡುಬಿದಿರೆಯವಳು. ಐವತ್ತರ ದಶಕದ ಕೊನೆಯಲ್ಲಿ ಟೀಚರಾಗಿ ಬೆಳ್ತಂಗಡಿ ಆಚೆಯ ನೆರಿಯದ ಕಡೆಗೆ ಹೋದಾಗ ಉಳಿದುಕೊಳ್ಳಲು ಕೋಣೆ ಕೊಟ್ಟವರು ಈ ವಿಧವೆ. ಮಗ ಪಾಸ್ಕಲ್ ಬಡಗಿ. ಅವನ ಹೆಂಡತಿಯೂ ಮನೆಯಲ್ಲಿದ್ದಳು. ನಮ್ಮ ಮಾತೆಲ್ಲ ಕೊಂಕಣಿಯಲ್ಲಿ, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಬಾಯಿ ಎಂದರೆ ಹೆಂಗಸರನ್ನು ಗೌರವದಿಂದ ಕರೆಯುವ ಮಾತು; ಅವರು ನನ್ನನ್ನು ಕರೆಯುತ್ತಿದ್ದದ್ದು ‘ಬಾಯೆ’ ಎಂದು.

ಒಮ್ಮೆ ನಮ್ಮ ಭಾಗದ ಮನೆಗಳನ್ನು ಇಗರ್ಜಿಯ, ಅಂದರೆ ಚರ್ಚಿನ, ಪರವಾಗಿ ನೋಡಿಕೊಳ್ಳುವ ಗುರ್ಕಾರರು ಎಲ್ಲರೆದುರು "ರೆಜಿನ್ ಬಾಯಿಯ ನಾಲಗೆ ಉದ್ದವಾಯಿತು" ಎಂದುಬಿಟ್ಟರು. ಮರುದಿನ ಅವರ ಮನೆಗೆ ಹಂದಿ ಮಾಂಸದ ಪದಾರ್ಥ ಹೋಯಿತು. ಎರಡು ಸಲ ಬಡಿಸಿಕೊಂಡ ಗುರ್ಕಾರರು ಮೂರನೆಯ ಸಲಕ್ಕೆ ತಪ್ಪಾಯಿತು ಎಂದರಂತೆ.

"ಇದೆಂಥ ಬುದ್ಧಿ ಬಾಯಿ ನಿಮ್ಮದು?" ಎಂದು ಕೇಳಿದೆ.

"ಸಿಟ್ಟಿದ್ದವರಲ್ಲಿಗೆ ಬರಿಗೈಯಲ್ಲಿ ಹೋಗ್ಬಾರದು ಬಾಯೆ. ಕೈ ಖಾಲಿ ಇದ್ದರೆ ಅದು ಮೇಲೆ ಏಳ್ತದೆ."

ಆ ವರ್ಷಗಳಲ್ಲಿ ಕೇರಳದಿಂದ ಬಂದ ಕುಟುಂಬಗಳು ಕಾಡಂಚಿನಲ್ಲಿ ಜಾಗ ಮಾಡಿಕೊಂಡು ಮರಗೆಣಸು ನೆಡುತ್ತಿದ್ದವು. ಅವರೂ ನಮ್ಮ ಹಾಗೆ ಕ್ರೈಸ್ತರೇ, ಪೂಜೆಗೆ ನಮ್ಮ ಇಗರ್ಜಿಗೇ ಬರುತ್ತಿದ್ದರು. ಆದರೆ ಮಾತು ಮಲಯಾಳ, ಜಪದ ರಾಗ ಬೇರೆ. ನಮ್ಮವರು ಯಾರೂ ಅವರ ಪಕ್ಕದಲ್ಲಿ ಮೊಣಕಾಲೂರುತ್ತಿರಲಿಲ್ಲ. ನಾನೂ ಊರಿದವಳಲ್ಲ, ಹೇಳಲು ನಾಚಿಕೆಯಾಗುತ್ತದೆ.

ಹೀಗಿರುವಾಗ ಒಂದು ದಿನ ಬೇಲಿಯ ವಿಷಯದಲ್ಲಿ ಪಾಸ್ಕಲನಿಗೂ ಔಸೇಪ್ ಎಂಬ ಮಲಯಾಳಿಗೂ ಮಾತಿಗೆ ಮಾತು ಬೆಳೆಯಿತು. ಔಸೇಪನ ಕತ್ತಿ ಪಾಸ್ಕಲನ ಬಲಗೈಗೆ ಬಿತ್ತು. ಎರಡು ಬೆರಳು ಹೋದವು. ಬಡಗಿಯ ಬಲಗೈ!

ಗಾಯ ಒಣಗುವ ತನಕ ಬಾಯಿ ಮಸಾಲೆ ಅರೆಯಲಿಲ್ಲ. ಮಾತೆ ಮರಿಯಮ್ಮನವರ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಒಮ್ಮೆಲೇ ಕಲ್ಲಿನ ಮುಂದೆ ಕೂತರು. ಬೆಳ್ತಂಗಡಿಯಿಂದ ಬಂಗುಡೆ ಮೀನು ತರಿಸಿ, ಪದಾರ್ಥ ಮಾಡಿ, ಔಸೇಪನ ಮನೆಗೆ ಹೊರಟರು. ಔಸೇಪನ ಮುದಿ ತಾಯಿ ಬಾಳೆಲೆ ಸರಿಸಿ ನೋಡಿ, ಗಾಬರಿಯಿಂದ ಕೈಯಾಡಿಸಿ, ತಪಲೆಯನ್ನು ಹಾಗೆಯೇ ಹಿಂದೆ ಕೊಟ್ಟಳು.

ಸುದ್ದಿ ಊರಿಗೆಲ್ಲ ಹಬ್ಬಿತು. "ಕೈ ಕಡಿದದ್ದೂ ಅವರೇ, ಕೊಂಡುಹೋದ ಪದಾರ್ಥ ಮುಟ್ಟದವರೂ ಅವರೇ! ಎಂಥ ಅಹಂಕಾರ ಮಾರಾಯ!" ಹಬ್ಬದ ಮಧ್ಯಾಹ್ನ ಔಸೇಪನ ಗುಡಿಸಲು ಕಿತ್ತು ಹಾಕುವುದೆಂದು ನಮ್ಮ ಕಡೆಯ ಯುವಕರು ತೀರ್ಮಾನಿಸಿದರು. ಪಾಸ್ಕಲ್ ಬೇಡ ಎನ್ನಲಿಲ್ಲ.

ಮರುದಿನ ಬಾಯಿ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಪುನಃ ಹೋದರು, ಜೊತೆಗೆ ನನ್ನನ್ನೂ ಎಳೆದುಕೊಂಡು. ಯಾಕೆ ತಿನ್ನಲಿಲ್ಲ ಎಂದು ಸನ್ನೆಯಲ್ಲೇ ಕೇಳಿದರು. ಮುದುಕಿ ನಮ್ಮನ್ನು ಒಳಗೆ ಕರೆದು, ಗೋಡೆಯ ಮೇಲಿನ ಮರಿಯಮ್ಮನವರ ಪಟ ತೋರಿಸಿ, ಎಂಟು ಬೆರಳು ಎತ್ತಿ, ಮೀನು ಕೂಡದು ಎಂದು ತಲೆಯಾಡಿಸಿದಳು. ಹಣ್ಣನ್ನು ಕಣ್ಣಿಗೊತ್ತಿ ತೆಗೆದುಕೊಂಡಳು. ನಮ್ಮಲ್ಲಿ ಹಬ್ಬದ ಒಂದು ದಿನ ಮಾತ್ರ ಮೀನಿಲ್ಲ; ಅವರಲ್ಲಿ ಹಬ್ಬದ ತನಕದ ಎಂಟು ದಿನವೂ ಮೀನು ಮಾಂಸ ಬಿಟ್ಟು ವ್ರತ. ಒಂದೇ ಇಗರ್ಜಿಗೆ ಹೋಗುತ್ತಿದ್ದ ನಮಗೆ ಇದು ಗೊತ್ತಿರಲಿಲ್ಲ.

ಹಿಂದೆ ಬರುವಾಗ ಬಾಯಿ ದಾರಿಯಲ್ಲೇ ಕುಳಿತುಬಿಟ್ಟರು. "ನಮ್ಮ ಮಾತೆಗಾಗಿಯೇ ಅವರು ವ್ರತ ಹಿಡ್ದು ಕೂತಿದ್ದಾರೆ, ನಾನು ಬಂಗುಡೆ ಹಿಡ್ಕೊಂಡು ಹೋದೆನಲ್ಲ ಬಾಯೆ!" ನಗುತ್ತಲೇ ಅಳುತ್ತಿದ್ದರು.

ಮೊಂತಿ ಹಬ್ಬಕ್ಕೆ ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆ ಮನೆಮನೆಗೆ ಬರುತ್ತದೆ. ಅದರ ಕಾಳು ಸುಲಿದು ಪಾಯಸಕ್ಕೆ ಸೇರಿಸಿ, ಮನೆಯ ಹಿರಿಯರು ಒಬ್ಬೊಬ್ಬರ ಹೆಸರು ಹೇಳಿ ಕೊಡುತ್ತಾರೆ. ಅದು ಮನೆಯವರಿಗೆ ಮಾತ್ರ. ಆ ದಿನ ಬಾಯಿ ಇಗರ್ಜಿಯಿಂದ ತೆನೆಯ ಜೊತೆಗೆ ಔಸೇಪನನ್ನೂ ಅವನ ತಾಯಿಯನ್ನೂ ಕರೆದುಕೊಂಡು ಬಂದರು. ಅಂಗಳದಲ್ಲಿ, ಗುಡಿಸಲು ಕೀಳಲು ಹೊರಟಿದ್ದ ಯುವಕರು ಸೇರಿದ್ದರು. ಬಾಗಿಲಿಗೆ ಅಡ್ಡವಾಗಿ ಪಾಸ್ಕಲ್ ನಿಂತಿದ್ದ.

"ಹೊಸ ಅಕ್ಕಿ ಮನೆಯವರಿಗೆ ಮಾತ್ರ ಅಂತ ನನಗೂ ಗೊತ್ತುಂಟು" ಎಂದರು ಬಾಯಿ. "ಇವರು ಈಗ ಮನೆಯವರು. ಇವರಿಗೆ ಇಲ್ಲದ್ದು ನನಗೂ ಬೇಡ. ನೀನು ಉಣ್ಣದೆ ಇವರಿಗೂ ಕೊಡುವುದಿಲ್ಲ."

ಪಾಸ್ಕಲ್ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತ. ಯಾರೂ ಉಣ್ಣಲಿಲ್ಲ. ಪಾಯಸ ಆರಿ ಕೆನೆ ಕಟ್ಟಿತು. ಅಂಗಳದವರು ಸ್ವಲ್ಪ ಹೊತ್ತು ಗೊಣಗಿ, ಹಸಿವು ತಡೆಯದೆ ಒಬ್ಬೊಬ್ಬರಾಗಿ ಮನೆ ಸೇರಿದರು. ಗಂಟೆ ಮೂರಾಗಿರಬೇಕು, ಪಾಸ್ಕಲ್ ಎದ್ದು ಬಂದು ತಾಯಿಯ ಮುಂದೆ ಎಡಗೈ ಚಾಚಿದ. ಬಾಯಿ ಅವನ ಹೆಸರು ಹೇಳಿ ಕೊಟ್ಟರು, ಆಮೇಲೆ ಔಸೇಪನ ಹೆಸರು ಹೇಳಿದರು. ಔಸೇಪ್ ಪಾಸ್ಕಲನ ಬಲಗೈಯನ್ನೇ ನೋಡುತ್ತ ಗಳಗಳ ಅತ್ತುಬಿಟ್ಟ. ಬಾಯಿಯನ್ನೇ ನೋಡುತ್ತ, ಇಷ್ಟು ದಿನ ಇಂಥವರ ಜೊತೆ ಒಂದೇ ಚಾಪೆಯಲ್ಲಿ ಕೂತು ಉಂಡಿದ್ದೇನೆಯೇ ಎಂದುಕೊಂಡೆ.

ಆಮೇಲೆ ನನಗೆ ಬಂಟ್ವಾಳಕ್ಕೆ ವರ್ಗವಾಯಿತು. ಕೆಲವು ವರ್ಷ ಕಳೆದು ಬಾಯಿ ಹಾಸಿಗೆ ಹಿಡಿದಿದ್ದಾರೆಂದು ತಿಳಿದು, ಪುಂಜಾಲಕಟ್ಟೆ ದಾರಿಯ ಬಸ್ಸು ಹತ್ತಿ ನೋಡಲು ಹೋದೆ. ಅದೇ ಕೊನೆಯ ಭೇಟಿ. ಔಸೇಪ್ ದಿನಾ ಸಂಜೆ ಬಂದು ಅವರನ್ನು ಎತ್ತಿ ಜಗಲಿಯಲ್ಲಿ ಕೂರಿಸುತ್ತಿದ್ದನಂತೆ. ಪಾಸ್ಕಲನ ಕೈಗೆ ಆ ಬಲ ಇರಲಿಲ್ಲ.

"ನೀವು ಎಷ್ಟು ಸುಲಭದಲ್ಲಿ ಕ್ಷಮಿಸಿದಿರಿ ಬಾಯಿ, ನನ್ನಿಂದ ಆಗುತ್ತಿರಲಿಲ್ಲ" ಎಂದೆ.

ಅವರು ನನ್ನನ್ನೇ ನೋಡಿದರು. "ಸುಲಭ ಅಂತ ಯಾರು ಹೇಳಿದ್ದು? ಪಾಸ್ಕಲ ಎಡಗೈಯಲ್ಲಿ ಉಣ್ಣುವುದು ಕಂಡರೆ ಈಗಲೂ ಹೊಟ್ಟೆ ಉರೀತದೆ. ದಿನಾ ಬೆಳಿಗ್ಗೆ ಸಿಟ್ಟು ಹೊಸತಾಗಿ ಬರ್ತದೆ. ದಿನಾ ಹೊಸತಾಗಿ ಕ್ಷಮಿಸ್ತೇನೆ. ಇವತ್ತಿನದ್ದು ಇನ್ನೂ ಆಗ್ಲಿಲ್ಲ."

ಅಂಗಳದಲ್ಲಿ ಔಸೇಪನ ಹೆಜ್ಜೆ ಕೇಳಿಸಿತು. ಬಾಯಿ ಕಣ್ಣು ಮುಚ್ಚಿದರು, ತುಟಿ ಮಾತ್ರ ಅಲುಗುತ್ತಿತ್ತು. ಅವನು ಬಾಗಿಲಿಗೆ ಬರುವಷ್ಟರಲ್ಲಿ ಕಣ್ಣು ತೆರೆದು, ಎರಡೂ ಕೈ ಮುಂದೆ ಚಾಚಿ, "ಬಾ ಮಗಾ" ಎಂದರು.