ಬಾಗಿಲ ಮೇಲೆ ಹದಿನಾಲ್ಕು ಹೆಸರು, ಒಂದು ನಾಯಿ

ಓಕ್ಲಹೋಮದ ಆ ಪುಟ್ಟ ಊರಿನಲ್ಲಿ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಆರ್ಫಾ ಟೀಗ್ ಏನನ್ನೂ ಮರೆಯುವ ಹೆಂಗಸಲ್ಲ. ಎರಡನೇ ತರಗತಿಯಲ್ಲಿ ಬಸ್ಸಿನ ಸೀಟು ಕೊಯ್ದವನು ಈಗ ಊರಿನ ಪಾದ್ರಿ. ಅವನು ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗೆಲ್ಲ ಅವಳಿಗೆ ನೆನಪಾಗುವುದು ಆ ಸೀಟೇ. ಇನ್ನು ಗಂಡನನ್ನು ಕೊಂದವನನ್ನು ಮರೆಯುತ್ತಾಳೆಯೇ?

ಅವಳ ಪ್ರಕಾರ ಹಾರ್ಲನ್‌ನನ್ನು ಕೊಂದದ್ದು ಸುಂಟರಗಾಳಿಯಲ್ಲ, ಎದುರುಮನೆಯ ಡ್ವೈಟ್ ಗಾಸೇಜ್. ಒಂಬತ್ತು ವರ್ಷದ ಹಿಂದೆ ಬೀದಿಗೆಲ್ಲ ಸುಂಟರಗಾಳಿಗೆ ಅಡಗಲು ಇದ್ದದ್ದು ಡ್ವೈಟನ ಹಿತ್ತಲಿನ ನೆಲಮಾಳಿಗೆ ಒಂದೇ. ಏಪ್ರಿಲ್ ಬಂದು ಗಾಳಿಯ ಕಾಲ ಶುರುವಾದ ಮೇಲೆ ನೆಲಮಾಳಿಗೆಗೆ ಯಾರೂ ಬೀಗ ಹಾಕುವುದಿಲ್ಲ, ಅದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಆ ವರ್ಷ ಮಾತ್ರ ಎರಡು ಭರಣಿ ಪೀಚ್ ಹಣ್ಣು ಕಳುವಾಯಿತೆಂದು ಡ್ವೈಟ್ ಬೀಗ ಜಡಿದು ಪೇಟೆಗೆ ಹೋಗಿದ್ದ. ಸುಂಟರಗಾಳಿಯ ಸೈರನ್ ಕೂಗಿದಾಗ ಆರ್ಫಾ, ಹಾರ್ಲನ್ ಇಬ್ಬರೂ ಅಲ್ಲಿಗೆ ಓಡಿಬಂದರು. ಹಾರ್ಲನ್ ಇಟ್ಟಿಗೆ ಹಿಡಿದು ಬೀಗಕ್ಕೆ ಬಡಿಯುತ್ತಲೇ ಇದ್ದ. ಗಾಳಿ ಆರ್ಫಾಳನ್ನು ಚರಂಡಿಗೆ ಎಸೆದು ಉಳಿಸಿತು, ಅವನನ್ನು ಉಳಿಸಲಿಲ್ಲ. ಡ್ವೈಟ್ ಮಣ್ಣಿಗೆ ಬಂದ, ಕಣ್ಣೊರೆಸಿಕೊಂಡ, ಬೀಗದ ಮಾತೆತ್ತದೆ ಹೋದ.

ಮರುವರ್ಷವೇ ಆರ್ಫಾ ತನ್ನ ಹಿತ್ತಲಲ್ಲೊಂದು ನೆಲಮಾಳಿಗೆ ತೋಡಿಸಿದಳು. ಒಳಗೆ ಕೂರುವವರ ಪಟ್ಟಿಯನ್ನು ಅಗ್ನಿಶಾಮಕ ಠಾಣೆಗೆ ಕೊಡುವುದು ಅಲ್ಲಿಯ ವಾಡಿಕೆ. ಮೇಲೆಲ್ಲ ಕುಸಿದರೆ ಎಷ್ಟು ಜನರಿಗಾಗಿ ಅಗೆಯಬೇಕೆಂದು ಅವರಿಗೆ ಗೊತ್ತಿರಬೇಕಲ್ಲ. ಆರ್ಫಾ ಅದನ್ನು ಬಾಗಿಲ ಮೇಲೂ ಕೆಂಪು ಬಣ್ಣದಲ್ಲಿ ಬರೆದಳು. ಬೀದಿಯ ಹದಿನಾಲ್ಕು ಜನ, ಪಕ್ಕದ ಮನೆ ಜುನೀತಾಳ ನಾಯಿ. ಡ್ವೈಟ್ ಇಲ್ಲ.

"ನಾಯಿಗಿಂತ ಕಡೆಯಾದ್ನಾ ಅವನು?" ಎಂದಿದ್ದಳು ಜುನೀತಾ.

"ನಾಯಿ ಯಾರಿಗೂ ಬಾಗ್ಲು ಮುಚ್ಚಿಲ್ಲ."

ಈ ಮೇ ತಿಂಗಳ ಒಂದು ಮಧ್ಯಾಹ್ನ, ಸುಂಟರಗಾಳಿಗೆ ಮುಂಚೆ ಆಗುವಂತೆ, ಆಕಾಶ ಹಸಿರುಗಟ್ಟಿತು. ಸೈರನ್ ಕೂಗಿತು. ಪಟ್ಟಿಯವರೆಲ್ಲ ಇಳಿದ ಮೇಲೆ ಆರ್ಫಾ ಚಿಲಕ ಹಾಕಿದಳು. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು.

"ಆರ್ಫಾ, ನಾನು ಡ್ವೈಟ್. ನಮ್ಮ ನೆಲಮಾಳಿಗೇಲಿ ಎದೆಮಟ್ಟ ನೀರು ನಿಂತಿದೆ. ಬಾಗ್ಲು ತೆಗಿ."

ಅವಳು ಚಿಲಕದ ಮೇಲೆ ಕೈಯಿಟ್ಟಳು, ಎಳೆಯಲಿಲ್ಲ. ಒಂಬತ್ತು ವರ್ಷ ಕಾದದ್ದು ಇದಕ್ಕೇ. ಹೊಟ್ಟೆ ತಣ್ಣಗಾಯಿತು ಅವಳಿಗೆ, ಸುಳ್ಳೇಕೆ ಹೇಳಬೇಕು.

"ಅವತ್ತು ಕೀಲಿ ಎಲ್ಲಿತ್ತು, ಡ್ವೈಟ್?"

"ಈಗ ಅದೆಲ್ಲ ಯಾಕೆ..."

"ಎಲ್ಲಿತ್ತು?"

"ತೆಗಿಯೇ," ಜುನೀತಾ ತೋಳು ಜಗ್ಗಿದಳು. "ದೇವರು ನೋಡ್ತಿರ್ತಾನೆ."

"ನೋಡ್ಲಿ. ಅವತ್ತೂ ನೋಡ್ತಿದ್ದ."

ಆಲಿಕಲ್ಲು ಬಾಗಿಲ ಮೇಲೆ ಸುರಿಯತೊಡಗಿತು.

"ಜೇಬಲ್ಲಿತ್ತು." ಹೊರಗಿನ ದನಿ ಒಡೆದಿತ್ತು. "ಎರಡು ಭರಣಿ ಹಣ್ಣಿಗೆ ಬೀಗ ಹಾಕ್ದೆ. ಹಾರ್ಲನ್ ಸತ್ತಿದ್ದು ನನ್ನಿಂದ್ಲೇ."

ಆರ್ಫಾ ಚಿಲಕ ಎಳೆದು, ಅವನ ಕೊರಳಪಟ್ಟಿ ಹಿಡಿದು ಒಳಗೆಳೆದುಕೊಂಡಳು. ಎರಡು ನಿಮಿಷದಲ್ಲಿ ಡ್ವೈಟನ ಮನೆಯ ಚಾವಣಿ ಹಾರಿಹೋಯಿತು. ಒಳಗಿದ್ದವರಿಗೆ ಒಂದು ಗೀರೂ ಆಗಲಿಲ್ಲ.

ಮರುವಾರ ಅವನು ಹ್ಯಾಟು ಕೈಯಲ್ಲಿ ಹಿಡಿದು ಬಂದ. "ಪಟ್ಟೀಲಿ ನನ್ನ ಹೆಸರೂ ಸೇರಿಸ್ತೀಯಾ?"

"ಠಾಣೆಗೆ ನಿನ್ನ ಹೆಸ್ರು ಕೊಟ್ಟಾಯ್ತು. ಕುಸಿದ್ರೆ ನಿನ್ನನ್ನೂ ಅಗೆದು ತೆಗೀತಾರೆ," ಎಂದಳು ಆರ್ಫಾ. "ಬಾಗ್ಲ ಮೇಲೆ ಮಾತ್ರ ಬರಿಯಲ್ಲ. ನೀನು ಬರೋ ಹೊತ್ಗೆ ಚಿಲಕ ಹಾಕಿರ್ತೀನಿ. ಬಡಿ, ತೆಗೀತೀನಿ."

"ಎಷ್ಟು ಸಲ ಬಡೀಬೇಕು?"

"ಹಾರ್ಲನ್ ಎಷ್ಟು ಸಲ ಬಡಿದ ಅಂತ ನಾನು ಎಣಿಸ್ಲಿಲ್ಲ."