ಖಾಲಿ ಜಾಗದಲ್ಲಿ ನಿಂತ ಆನೆ

ಭೂಗೋಳ ಕಲಿಸಿ ನಿವೃತ್ತನಾದ ಮೇಲೆ ನನಗೊಂದು ಚಟ ಅಂಟಿಕೊಂಡಿತು. ನಾನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ಓದುಬಲ್ಲ ಸಿರಿವಂತರಿಗಾಗಿ ಅಚ್ಚಾದ ಭೂಗೋಳದ ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಹುಡುಕುವುದು, ಶಿರಸಿಯ ಝೆರಾಕ್ಸ್ ಅಂಗಡಿಯಲ್ಲಿ ನಕ್ಷೆಗಳ ಪ್ರತಿ ತೆಗೆಸುವುದು, ಸಿಕ್ಕಿದವರಿಗೆಲ್ಲ ತೋರಿಸಿ ಕೊರೆಯುವುದು. ಒಂದು ನಕ್ಷೆಯಲ್ಲಿ ನಮ್ಮ ಕರಾವಳಿಯ ಬಂದರುಗಳು ಸಾಲಾಗಿ ಇವೆ. ಘಟ್ಟ ಹತ್ತಿದರೆ ಊರುಗಳೇ ಇಲ್ಲ, ಖಾಲಿ ಜಾಗ ತುಂಬಲು ಒಂದು ಆನೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಅಷ್ಟೂ ಅದರ ಹೊಟ್ಟೆಯ ಕೆಳಗೆ. ಕೋಣೆ ಬಿಟ್ಟು ಹೊರಡದವನು ನಕ್ಷೆ ಬರೆದರೆ ಹೀಗೇ ಎಂದು ನಾನು ನಗುತ್ತಿದ್ದೆ. ಕೇಳುವವರು ಚಹಾ ಮುಗಿಯುವವರೆಗೆ ನಗುತ್ತಿದ್ದರು.

ತಂಗಿಯ ಮಗಳ ಮದುವೆ ಯಲ್ಲಾಪುರದ ಕಡೆ, ಇಡಗುಂದಿಯಿಂದ ಕಾಡಿನ ಒಳಗಿರುವ ಅವರ ಮನೆಯಲ್ಲೇ ಎಂದಾಯಿತು. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಕರೆಯೋಲೆಯ ಹಿಂಬದಿಗೆ ದಾರಿಯ ನಕ್ಷೆ ಹಾಕಲೇಬೇಕು. ಭಾವ ಆ ಕೆಲಸವನ್ನು ನನಗೆ ಒಪ್ಪಿಸಿದ. ನಾನು ಹಿಗ್ಗಿ ಹೀರೇಕಾಯಿಯಾದೆ. ಆ ದಾರಿಯಲ್ಲಿ ಲೆಕ್ಕವಿಲ್ಲದಷ್ಟು ಸಲ ಹೋಗಿದ್ದೇನೆ, ಪ್ರತಿ ಸಲವೂ ಜೀಪಿನ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತ. ಹಾಗಾಗಿ ಯಾವುದೋ ಹಳೆಯ ಕರೆಯೋಲೆ ನೋಡಿ ರಸ್ತೆ ಎಳೆದೆ. ದಿಕ್ಕಿನ ಗುರುತು ಹಾಕಿದೆ, ಅಂಚಿಗೆ ಬಳ್ಳಿ ಬಿಡಿಸಿದೆ. ನಡುವೆ ಒಂದಷ್ಟು ಜಾಗ ಬೋಳಾಗಿ ಕಂಡಿತು. ಚಂದಕ್ಕೆಂದು ಅಲ್ಲೊಂದು ಆನೆ ನಿಲ್ಲಿಸಿದೆ. ಸೊಂಡಿಲು ಬಹಳ ಚೆನ್ನಾಗಿ ಬಂದಿತ್ತು.

ಮುಹೂರ್ತ ಹನ್ನೊಂದಕ್ಕೆ. ಹತ್ತೂವರೆಯಾದರೂ ಸಿದ್ದಾಪುರದಿಂದ ಹೊರಟ ದಿಬ್ಬಣದ ಸುಳಿವಿಲ್ಲ. ತಂಗಿ ಅಳುವುದೊಂದು ಬಾಕಿ. ಪುರೋಹಿತರು ಒಮ್ಮೆ ಗಡಿಯಾರವನ್ನೂ ಒಮ್ಮೆ ನನ್ನನ್ನೂ ನೋಡುತ್ತಿದ್ದರು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಇನ್ನೈದು ನಿಮಿಷವಿದೆ ಎನ್ನುವಾಗ ಧೂಳು ಮೆತ್ತಿಕೊಂಡ ಬಸ್ಸು ಹಿತ್ತಿಲ ಕಡೆಯಿಂದ ಬಂತು. ಮದುಮಗನನ್ನು ಹೆಚ್ಚುಕಡಿಮೆ ಓಡಿಸಿಕೊಂಡೇ ಮಂಟಪಕ್ಕೆ ಕರೆದೊಯ್ದರು.

ಊಟಕ್ಕೆ ಕೂತಾಗ ಬಸ್ಸಿನ ಚಾಲಕರು ಕರೆಯೋಲೆ ಹಿಡಿದು ಬಂದು ನನ್ನ ಪಕ್ಕದಲ್ಲೇ ಕೂತರು. ಅರಣ್ಯ ಇಲಾಖೆಯ ಫಲಕದಲ್ಲಿ ಇರುವಂಥದೇ ಆನೆ ನೋಡಿ, ಅಲ್ಲಿ ಆನೆ ಓಡಾಟವಿದೆ ಎಂದುಕೊಂಡು, ಕಾಡು ಬಳಸುವ ದೂರದ ದಾರಿ ಹಿಡಿದಿದ್ದರಂತೆ.

“ಮದುಮಗನ್ನ ಕೂರಿಸ್ಕೊಂಡು ಆನೆ ಎದುರಿಗೆ ಹೋಗೂಕೆ ಆಗ್ತದಾ ಮಾಸ್ತರ್ರೇ?”

ಜಾಗ ಖಾಲಿಯಿತ್ತು, ಅದಕ್ಕೇ ಬರೆದೆ ಎಂದೆ. ಭಾವನ ನೆರೆಮನೆಯಾತ ಪಾಯಸ ಬಡಿಸುತ್ತ ಬಂದವನು ಬಗ್ಗಿ ನಕ್ಷೆ ನೋಡಿದ.

“ಖಾಲಿ ಇಲ್ಲೆ ಮಾಸ್ತರೇ. ಅಲ್ಲಿ ಯಂಗಳ ಮನೆ ಇದ್ದು.”

ನನ್ನ ಆನೆ ನಿಂತದ್ದು ತನ್ನ ಮನೆಯ ಮೇಲೇ ಎಂದು ಇಷ್ಟರಲ್ಲೇ ಹೇಳಿ, ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿ ಮುಂದೆ ಹೋದ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹೋದ ವರ್ಷ ಅವನ ಮನೆಯಲ್ಲೇ ಊಟ ಮಾಡಿ, ಅವನ ಜಗುಲಿಯಲ್ಲೇ ಕೂತು, ಆ ಹಳೆಯ ನಕ್ಷೆ ಬರೆದವನನ್ನು ಆಡಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ.